ಅಂಗಹಾನಿ, ಪರಿಹಾರ, ಕರ: ನೇತ್ರಾವತಿಯ ದಂಡೆಯಿಂದ ಒಂದು ವಿಚಾರ

ಕನ್ನಡ ನಾಡಿನ ಶಾಸನಗಳನ್ನು ಅಭ್ಯಸಿಸುವವರಿಗೆ ಬಾಳ್ಗಳ್ಚು, ನೆತ್ತರುಗೊಡಗೆ, ಕಲ್ನಾಡು ಎಂಬ ಶಬ್ದಗಳು ಚಿರಪರಿಚಿತವಾದವು. ಕಾರ್ಮಿಕ ಕಾನೂನನ್ನು ಅಭ್ಯಸಿಸುವವರಿಗೆ 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆಯ ಅನುಸೂಚಿಗಳು ಅಷ್ಟೇ ಪರಿಚಿತ. ಆದರೆ ಈ ಎರಡು ಬಗೆಯ ಅಭ್ಯಾಸಿಗಳು ಒಬ್ಬರ ಮನೆಯ ಕದವನ್ನು ಇನ್ನೊಬ್ಬರು ತಟ್ಟುವುದು ಅಪರೂಪ. ಒಡೆಯನ ಕೆಲಸದಲ್ಲಿ ದೇಹದ ಒಂದು ಭಾಗವನ್ನು ಕಳೆದುಕೊಂಡವನಿಗೆ ಏನು ಸಲ್ಲಬೇಕು, ಅದನ್ನು ಯಾರು ಅಳೆಯಬೇಕು, ಹಾಗೆ ಸಂದುದರ ಮೇಲೆ ಅರಸನಿಗೆ ಪಾಲುಂಟೆ ಎಂಬ ಮೂರು ಪ್ರಶ್ನೆಗಳು ಎರಡೂ ಕಡೆಯಲ್ಲಿವೆ. ಪ್ರಕೃತ ಲೇಖನದಲ್ಲಿ ನಾವು ಈ ಪ್ರಶ್ನೆಗಳನ್ನು ಒಂದೇ ದಾರದಲ್ಲಿ ಪೋಣಿಸಿ ನೋಡಲು ಯತ್ನಿಸುತ್ತೇವೆ. ನೋಡುವ ನೆಲೆಯಾಗಿ ಪಾಣೆಮಂಗಳೂರನ್ನೂ ಅದರ ಸುತ್ತಣ ಸೀಮೆಯನ್ನೂ ಆರಿಸಿಕೊಂಡಿದ್ದೇವೆ. ನೇತ್ರಾವತಿಯನ್ನು ದಾಟುವ ಕಡವಾಗಿ, ಬಳಿಕ ಸೇತುವೆಯ ಊರಾಗಿ, ಘಟ್ಟದ ಸರಕು ಕಡಲಿಗೆ ಇಳಿಯುವ ದಾರಿಯಲ್ಲಿದ್ದ ಈ ನೆಲದಲ್ಲಿ ಮೈಮುರಿದು ದುಡಿಯುವವರ ಇತಿಹಾಸಕ್ಕೆ ಕೊರತೆಯಿಲ್ಲ.

ಮೊದಲು ಹಳೆಯ ಕಾಲದ ಮಾತು. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನವನ್ನು ಸಾಮಾನ್ಯವಾಗಿ ಕ್ರಿ. ಶ. 450ರ ಸುಮಾರಿನದೆಂದು ಎಣಿಸುತ್ತಾರೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟುದು ಅದರ ವಿಷಯ. ಬಾಳ್ ಎಂದರೆ ಕತ್ತಿ. ಕಳ್ಚು ಎಂದರೆ ತೊಳೆ. ರಕ್ತ ಹತ್ತಿದ ಕತ್ತಿಯನ್ನು ತೊಳೆಯುವ ಸಂದರ್ಭದ ದತ್ತಿ ಅದು. ಕನ್ನಡದ ಆದಿಶಾಸನಗಳಲ್ಲೊಂದು ಸೇವಕನ ಮೈಕಷ್ಟಕ್ಕೆ ಒಡೆಯನು ಸಲ್ಲಿಸಿದ ಪ್ರತಿಫಲದ ದಾಖಲೆಯಾಗಿದೆ ಎಂಬುದು ಗಮನಿಸತಕ್ಕ ಸಂಗತಿ. ಐದು ಶತಮಾನಗಳ ಅನಂತರ, ಕ್ರಿ. ಶ. 949-50ರ ಆತಕೂರಿನ ಶಾಸನದಲ್ಲಿಯೂ ಇದೇ ಶಬ್ದವಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದುದೂ, ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತುದೂ ನಮ್ಮ ವಿದ್ಯಾರ್ಥಿಗಳಿಗೆಲ್ಲ ತಿಳಿದ ಕಥೆ. ಕಥೆಯ ಸ್ವಾರಸ್ಯದಲ್ಲಿ ಮರೆತುಹೋಗುವ ಅಂಶವೆಂದರೆ, ಗಂಗ ಬೂತುಗನು ಅದೇ ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟನೆಂಬುದು. ಪಡೆದವನು ಜೀವಂತ ವ್ಯಕ್ತಿ. ಬಾಳ್ಗಳ್ಚು ಸತ್ತವರಿಗೇ ಮೀಸಲಾದ ದತ್ತಿಯಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಉಪಪತ್ತಿ ಬೇಡ.

ನೆತ್ತರುಗೊಡಗೆಯ ಸಂಗತಿ ಬೇರೆ. ಅದು ಹೆಸರೇ ಸೂಚಿಸುವಂತೆ ರಕ್ತ ಸುರಿಸಿ ಮಡಿದವನ ಮನೆಯವರಿಗೆ ಸಲ್ಲುವ ಭೂಮಿ. 9ನೆಯ ಶತಮಾನದ ಕೊನೆಯ ಬೇಗೂರಿನ ಶಾಸನದಲ್ಲಿ ನಾಗತ್ತರನು ಕಾಳಗದಲ್ಲಿ ಬಿದ್ದ ಮೇಲೆ ಗಂಗ ಎರೆಯಪ್ಪನು ಇರುಗನಿಗೆ ನಾಗತ್ತರನ ಪದವಿಯನ್ನೂ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿಯೂ ಕೊಟ್ಟ ವಿವರವಿದೆ. ನಮ್ಮ ಕರಾವಳಿಯ ಉದ್ಯಾವರದಲ್ಲಿ ಆಳುಪರ ಕಾಲದ ವೀರಗಲ್ಲುಗಳ ಸಾಲೇ ದೊರೆತಿದೆ. ಒಳಜಗಳದಲ್ಲಿ ಬಿದ್ದ ಭಟರ ಹೆಸರುಗಳು ಅಲ್ಲಿ ಉಳಿದಿವೆ.

ಇಲ್ಲಿ ಒಂದು ಕೊರತೆಯನ್ನು ಎತ್ತಿ ಹೇಳಬೇಕು. ವೀರಗಲ್ಲು ಸ್ವಭಾವತಃ ಸತ್ತವನ ಕಲ್ಲು. ಒಂದು ತೋಳನ್ನು ಕಳೆದುಕೊಂಡು ಊರಿಗೆ ಮರಳಿ, ಮೂವತ್ತು ವರ್ಷ ಮೂಲೆಯಲ್ಲಿ ಕುಳಿತು ಉಂಡವನಿಗೆ ಸ್ವರ್ಗಕ್ಕೊಯ್ಯುವ ಅಪ್ಸರೆಯರಿಲ್ಲ, ಶಿಲ್ಪಿಯೂ ಇಲ್ಲ. ಮಧ್ಯಯುಗದ ಕನ್ನಡ ಸಮಾಜದಲ್ಲಿ ಶಾಶ್ವತವಾಗಿ ಅಂಗಹೀನನಾದವನ ಸ್ಥಿತಿಯನ್ನು ಅರಿಯಲು ಶಾಸನಗಳಿಗಿಂತ ಧರ್ಮಶಾಸ್ತ್ರದ ಕಡೆಗೆ ತಿರುಗಬೇಕಾದುದು ಆದುದರಿಂದಲೇ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯ ದಂಡಪಾರುಷ್ಯ ಪ್ರಕರಣದಲ್ಲಿ ಸಮುತ್ಥಾನವ್ಯಯ ಎಂಬ ಪರಿಭಾಷೆ ಬರುತ್ತದೆ. ಪೆಟ್ಟು ತಿಂದವನು ಎದ್ದು ಓಡಾಡುವವರೆಗಿನ ಚಿಕಿತ್ಸೆಯ ವೆಚ್ಚವನ್ನು ಪೆಟ್ಟು ಕೊಟ್ಟವನು ತೆರಬೇಕು. ದಂಡವೂ ಅರಸನಿಗೆ ಸಲ್ಲಬೇಕು. ಸಮುತ್ಥಾನ ಎಂದರೆ ಏಳುವುದು. ಎಂದಿಗೂ ಏಳಲಾರದವನಿಗೆ ಈ ಅಳತೆ ಎಟಕುವುದಿಲ್ಲ. ತಾತ್ಕಾಲಿಕ ನಷ್ಟಕ್ಕೂ ಶಾಶ್ವತ ನಷ್ಟಕ್ಕೂ ಇರುವ ಭೇದವು ಇಂದಿನ ಕಾನೂನಿನ ಬೆನ್ನೆಲುಬು. ಹಳೆಯ ಶಾಸ್ತ್ರದಲ್ಲಿ ಅದು ಪದದ ಅರ್ಥದೊಳಗೆ ಅಡಗಿ ನಿಂತಿದೆ.

ಈ ಹಳೆಯ ದತ್ತಿಗಳ ತಿರುಳು ನಗದಲ್ಲ, ಕರವಿನಾಯಿತಿ. ಬಾಳ್ಗಳ್ಚಾಗಲಿ ಉಂಬಳಿಯಾಗಲಿ ಅರಸನು ಬೊಕ್ಕಸದಿಂದ ಎಣಿಸಿ ಕೊಟ್ಟ ಹಣವಲ್ಲ. ಆ ನೆಲದಿಂದ ತನಗೆ ಬರಬೇಕಾದ ಹುಟ್ಟುವಳಿಯನ್ನು ಬಿಟ್ಟುಕೊಟ್ಟುದು. ಧಾನ್ಯದ ಬೆಲೆ ಏರಿದರೆ ದತ್ತಿಯ ಬೆಲೆಯೂ ತಾನಾಗಿ ಏರುತ್ತಿತ್ತು. ಕಿತ್ತುಕೊಂಡವರು ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವರೆಂಬ ಶಾಪಾಶಯವು ದತ್ತಿಗೆ ಕಾವಲಾಗಿತ್ತು. ಈ ಕಾವಲು ಎಷ್ಟು ಗಟ್ಟಿಯಾಗಿತ್ತೆಂಬುದು ಬೇರೆ ಮಾತು. ಅದೇ ಶಾಪವನ್ನು ಶತಮಾನಗಳ ಕಾಲ ಮತ್ತೆ ಮತ್ತೆ ಕಡೆಯಬೇಕಾಗಿ ಬಂದುದೇ ಅದಕ್ಕೆ ಉತ್ತರ. ದಕ್ಷಿಣ ಕನ್ನಡದಲ್ಲಿ ಈ ಪದ್ಧತಿ ಮುರಿದುದು ಸ್ಪಷ್ಟವಾಗಿ ಕಾಣುವುದು ದೇವಾಲಯಗಳ ಲೆಕ್ಕದಲ್ಲಿ. ಸರಕಾರಕ್ಕೆ ಸೇರಿಹೋದ ಮಾನ್ಯಭೂಮಿಗಳ ಬದಲಿಗೆ ಕಂಪೆನಿಯ ಆಡಳಿತವು ವರ್ಷಕ್ಕೆ ಇಷ್ಟೆಂದು ನಗದು ಕೊಡತೊಡಗಿತು. ಅದಕ್ಕೆ ತಸ್ತೀಕು ಎಂಬ ಹೆಸರು ಇಂದಿಗೂ ಉಳಿದಿದೆ. ನೆಲ ಹೋಗಿ ಹಣ ಬಂದಾಗ ಏನಾಗುತ್ತದೆಂಬುದನ್ನು ತಸ್ತೀಕಿನ ಲೆಕ್ಕ ನೋಡಿದ ಯಾವ ಮೊಕ್ತೇಸರರೂ ಹೇಳಬಲ್ಲರು: ಅಂಕೆ ನಿಂತಲ್ಲಿಯೇ ನಿಲ್ಲುತ್ತದೆ, ಎಣ್ಣೆಯ ಬೆಲೆ ನಿಲ್ಲುವುದಿಲ್ಲ.

ಇನ್ನು ಯಂತ್ರಯುಗಕ್ಕೆ ಬರೋಣ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದರು. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ದೋಣಿಗಳಲ್ಲಿ ಕಾರಖಾನೆಗಳಿಗೆ ಇಳಿಯತೊಡಗಿತು. ಮುಂದಿನ ಅರ್ಧ ಶತಮಾನದಲ್ಲಿ ಈ ಉದ್ಯಮ ಮಂಗಳೂರಿನ ಹೆಸರನ್ನು ಹಂಚಿನ ಮೇಲೆ ಅಚ್ಚೊತ್ತಿ ದೇಶಾಂತರಗಳಿಗೆ ಕಳುಹಿಸಿತು. ಉಗಿಯಂತ್ರ, ಚರ್ಮದ ಪಟ್ಟಿ, ಮಣ್ಣನ್ನು ಅರೆಯುವ ಕೊಳವೆ, ಹಲ್ಲೆಯನ್ನು ಅಚ್ಚಿಗೆ ಒತ್ತುವ ಯಂತ್ರ: ಇವುಗಳ ನಡುವೆ ಕೈ ಇಟ್ಟು ದುಡಿಯುವ ಕೆಲಸಗಾರನಿಗೆ ಗದ್ದೆಯಲ್ಲಿಲ್ಲದ ಹೊಸ ಬಗೆಯ ಅಪಾಯವೊಂದು ಬಂದೊದಗಿತು. ನೇಗಿಲು ಕಾಲನ್ನು ಗಾಯಗೊಳಿಸಬಹುದು, ಕೈಯನ್ನು ಎಳೆದುಕೊಳ್ಳುವುದಿಲ್ಲ.

ಹಾಗೆ ಕೈ ಹೋದವನಿಗೆ ಆಗ ಇದ್ದ ಕಾನೂನು ಯಾವುದು? 1855ರ 13ನೆಯ ಕಾಯಿದೆಯು ಪ್ರಾಣಾಪಾಯದ ಸಂದರ್ಭದಲ್ಲಿ ಸತ್ತವನ ಹೆಂಡತಿ, ಮಕ್ಕಳು, ತಂದೆತಾಯಿಗಳಿಗೆ ದಾವೆಯ ಹಕ್ಕನ್ನು ಕೊಟ್ಟಿತ್ತು. ಬದುಕುಳಿದವನು ಮಾತ್ರ ಸಾಮಾನ್ಯ ನ್ಯಾಯದ ಹಾದಿಯನ್ನೇ ಹಿಡಿಯಬೇಕು. ಯಜಮಾನನ ತಪ್ಪನ್ನು ತಾನೇ ರುಜುವಾತುಪಡಿಸಬೇಕು. ಯಜಮಾನನ ಪಾಲಿಗೆ ಇಂಗ್ಲೆಂಡಿನಿಂದ ಬಂದ ಮೂರು ಗುರಾಣಿಗಳಿದ್ದುವು: ತಪ್ಪು ಜೊತೆಯ ಕೆಲಸಗಾರನದು, ಅಪಾಯವನ್ನು ಅರಿತೇ ಇವನು ಕೆಲಸಕ್ಕೆ ಬಂದನು, ಇವನ ಅಜಾಗ್ರತೆಯೂ ಸೇರಿತ್ತು. ದಿನಗೂಲಿಯವನು ಈ ಮೂರನ್ನೂ ಭೇದಿಸಿ ಗೆಲ್ಲುವುದು ಕಾಗದದ ಮೇಲಿನ ಸಾಧ್ಯತೆ ಮಾತ್ರ. ಜರ್ಮನಿಯು 1884ರಲ್ಲಿ ಅಪಘಾತ ವಿಮೆಯನ್ನೂ ಇಂಗ್ಲೆಂಡು 1897ರಲ್ಲಿ ಪರಿಹಾರದ ಕಾಯಿದೆಯನ್ನೂ ತಂದುವು. ಭಾರತಕ್ಕೆ ಅದು ಬಂದುದು 1923ರ ಮಾರ್ಚಿಯಲ್ಲಿ. ಜಾರಿಯಾದುದು 1924ರ ಜುಲೈ 1ರಂದು.

ಪಾಣೆಮಂಗಳೂರಿನ ಹಳೆಯ ಉಕ್ಕಿನ ಸೇತುವೆಯನ್ನು ಸಾಮಾನ್ಯವಾಗಿ 1914ರದೆಂದು ಹೇಳುತ್ತಾರೆ. 1923ರ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಐವತ್ತು ಅಡಿಗಿಂತ ಉದ್ದವಾದ ಸೇತುವೆಯನ್ನು ಕಟ್ಟುವವರು, ದುರಸ್ತಿ ಮಾಡುವವರು, ಕೆಡಹುವವರು ಸೇರಿದ್ದಾರೆ. ನೇತ್ರಾವತಿಯಂಥ ನದಿಯ ಮೇಲಣ ಸೇತುವೆಗೆ ಐವತ್ತು ಅಡಿಯ ನಿಬಂಧನೆ ಹಾಸ್ಯಾಸ್ಪದವಾಗಿ ಚಿಕ್ಕದು. ಸೇತುವೆ ಹತ್ತು ವರ್ಷ ತಡವಾಗಿ ಕಟ್ಟಲ್ಪಟ್ಟಿದ್ದರೆ ಅದರ ಕಂಬಗಳನ್ನು ಇಳಿಸಿದವರೂ ತೊಲೆಗಳನ್ನು ಏರಿಸಿದವರೂ ಕಾಯಿದೆಯ ನೆರಳಿಗೆ ಬರುತ್ತಿದ್ದರು.

ಕಾಯಿದೆಯ ಮೂಲರೂಪದ ಅಂಕೆಗಳನ್ನು ನಾವು ತುಸು ವಿಸ್ತಾರವಾಗಿ ನೋಡಬೇಕು. ಅವುಗಳಲ್ಲಿ ಒಂದು ಕಾಲದ ಮನಸ್ಸು ಇದೆ. ವಯಸ್ಕ ಕೆಲಸಗಾರ ಸತ್ತರೆ ಮೂವತ್ತು ತಿಂಗಳ ವೇತನ ಅಥವಾ 2,500 ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದು. ಶಾಶ್ವತವಾಗಿ ಪೂರ್ಣ ಅಶಕ್ತನಾದರೆ ನಲವತ್ತೆರಡು ತಿಂಗಳ ವೇತನ ಅಥವಾ 3,500 ರೂಪಾಯಿ, ಅಲ್ಲಿಯೂ ಕಡಿಮೆಯಾದುದೇ. ತಿಂಗಳಿಗೆ 15 ರೂಪಾಯಿ ಸಂಬಳದವನನ್ನು ಉದಾಹರಣೆಗೆ ತೆಗೆದುಕೊಂಡರೆ ಸಾವಿಗೆ 450, ಪೂರ್ಣ ಅಶಕ್ತತೆಗೆ 630 ರೂಪಾಯಿ ಆಗುತ್ತದೆ. ಸತ್ತವನಿಗಿಂತ ಅಂಗಹೀನನಾಗಿ ಬದುಕಿದವನಿಗೆ ಹೆಚ್ಚು ಕೊಟ್ಟುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ವಿಚಾರಿಸಿದರೆ ಇದು ಲೋಕಾನುಭವಕ್ಕೆ ಸರಿಯಾಗಿಯೇ ಇದೆ. ಸತ್ತವನ ಮನೆಯಲ್ಲಿ ದುಡಿಯುವ ಕೈ ಇಲ್ಲವಾಗುತ್ತದೆ, ಉಣ್ಣುವ ಬಾಯಿಯೂ ಒಂದು ಕಡಿಮೆಯಾಗುತ್ತದೆ. ಅಶಕ್ತನ ಮನೆಯಲ್ಲಿ ಕೈ ಹೋಗುತ್ತದೆ, ಬಾಯಿ ಉಳಿಯುತ್ತದೆ, ನೋಡಿಕೊಳ್ಳುವ ಇನ್ನೊಂದು ಕೈಯೂ ಕೆಲಸ ಬಿಟ್ಟು ಮನೆಯಲ್ಲಿ ನಿಲ್ಲಬೇಕಾಗುತ್ತದೆ. ಎರಡರ ಪ್ರಮಾಣ 1ಕ್ಕೆ 1.4. ಇದನ್ನು ನೆನಪಿನಲ್ಲಿಡಬೇಕೆಂದು ಓದುಗರನ್ನು ಕೋರುತ್ತೇವೆ, ಮುಂದೆ ಬೇಕಾಗುತ್ತದೆ.

ಭಾಗಶಃ ಅಶಕ್ತತೆಗೆ ಮೊದಲನೆಯ ಅನುಸೂಚಿ ದರಗಳನ್ನು ಕಟ್ಟಿತು. ಬಲತೋಳು ಮೊಣಕೈಯಲ್ಲಿ ಇಲ್ಲವೆ ಅದರ ಮೇಲೆ ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ನೂರಕ್ಕೆ 70 ನಷ್ಟ, ಎಡತೋಳಿಗೆ 60. ಮೊಣಕೈಯ ಕೆಳಗೆ ಬಲಗೈಗೆ 60, ಎಡಗೈಗೆ 50. ಒಂದು ಕಣ್ಣಿಗೆ 30. ಹೆಬ್ಬೆರಳಿಗೆ 25, ತೋರುಬೆರಳಿಗೆ 10, ಮಿಕ್ಕ ಯಾವ ಬೆರಳಿಗಾದರೂ 5. ಮೇಲಣ 15 ರೂಪಾಯಿಯವನ ಬಲತೋಳಿಗೆ 441, ಎಡತೋಳಿಗೆ 378 ರೂಪಾಯಿ. ನಡುವಣ 63 ರೂಪಾಯಿಯ ಅಂತರವೆಂದರೆ ಅವನ ನಾಲ್ಕು ತಿಂಗಳಿಗೂ ಮೀರಿದ ಸಂಬಳ. ಎಡಚನಾದ ಕೆಲಸಗಾರನ ಗತಿಯೇನೆಂದು ಅನುಸೂಚಿ ಕೇಳಲಿಲ್ಲ. ಎಡಗೈಯಿಂದ ಕೊಡುವುದನ್ನೂ ಕೊಳ್ಳುವುದನ್ನೂ ಒಪ್ಪದ ನಮ್ಮ ಸಮಾಜಕ್ಕೂ ಈ ಭೇದ ಅಸಹಜವೆನಿಸಿರಲಾರದು. ಹೆಬ್ಬೆರಳಿನ 25ನ್ನು ಓದುವಾಗ ಮತ್ತೊಂದು ಸಂಗತಿ ಮನಸ್ಸಿಗೆ ಹೊಳೆಯದಿರದು: ಅಕ್ಷರ ಬಾರದ ಕೆಲಸಗಾರನಿಗೆ ಹೆಬ್ಬೆರಳು ಕೇವಲ ದುಡಿಮೆಯ ಅಂಗವಲ್ಲ, ರಾಜಿಯ ಕರಾರಿಗೆ ಒತ್ತಬೇಕಾದ ಸಹಿಯೂ ಅದೇ. ಅಂಥ ಕರಾರುಗಳನ್ನು ಆಯುಕ್ತರ ಮುಂದೆ ನೋಂದಾಯಿಸಬೇಕೆಂದೂ, ಮೊತ್ತ ಸಾಲದಿದ್ದರೆ ಅಥವಾ ವಂಚನೆ ಕಂಡರೆ ನೋಂದಣಿಯನ್ನು ನಿರಾಕರಿಸಬಹುದೆಂದೂ 28ನೆಯ ಕಲಮು ವಿಧಿಸಿದುದು ಕಾಯಿದೆಯ ಅತ್ಯಂತ ವಿವೇಕದ ಭಾಗವೆಂದು ನಮ್ಮ ಅಭಿಪ್ರಾಯ. ಪರಿಹಾರದ ಹಣವನ್ನು ಸಾಲಗಾರರು ಜಪ್ತಿ ಮಾಡಿಸಲಾಗದು, ಪರಭಾರೆ ಮಾಡಲಾಗದು ಎಂಬ 9ನೆಯ ಕಲಮು ಹಳೆಯ ಶಾಪಾಶಯದ ಸ್ಥಾನದಲ್ಲಿ ನಿಂತಿದೆ. ಕ್ರಿಮಿಜನ್ಮದ ಭಯವಿಲ್ಲದಿದ್ದರೂ ಇದರ ಕಾವಲು ಹೆಚ್ಚು ಗಟ್ಟಿ.

1962ರ ತಿದ್ದುಪಡಿಯಲ್ಲಿ ಅನುಸೂಚಿ ಪೂರ್ತಿಯಾಗಿ ಹೊಸದಾಯಿತು. ಬಲ ಎಡಗಳ ಭೇದ ಅಳಿಯಿತು. ಉಳಿದ ಮೋಟುಗೈಯನ್ನು ಅಂಗುಲಗಳಲ್ಲಿ ಅಳೆಯುವ ಕ್ರಮ ಬಂದಿತು: ಭುಜದ ಸಂಧಿಯಲ್ಲಿ ಕತ್ತರಿಸಿದರೆ 90, ಭುಜಾಗ್ರದಿಂದ ಎಂಟು ಅಂಗುಲಕ್ಕಿಂತ ಕಡಿಮೆ ಮೋಟು ಉಳಿದರೆ 80, ಹಸ್ತವೊಂದು ಹೋದರೆ 60, ಹೆಬ್ಬೆರಳಿಗೆ 30, ತೋರುಬೆರಳು ಪೂರ್ತಿ ಹೋದರೆ 14. ವೈದ್ಯಶಾಸ್ತ್ರದ ದೃಷ್ಟಿಯಿಂದ ಇದು ಸುಧಾರಣೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅಂಗುಲದ ಲೆಕ್ಕ ಕೈಯದು, ಕಸುಬಿನದಲ್ಲ. ಈ ಅಂತರವನ್ನು ತೋರಿಸಿಕೊಟ್ಟುದು ಸರ್ವೋಚ್ಚ ನ್ಯಾಯಾಲಯದ 1975ರ ಡಿಸೆಂಬರಿನ ಒಂದು ತೀರ್ಪು. ಬಡಗಿಯೊಬ್ಬನು ಕೆಲಸದಲ್ಲಿ ಬಿದ್ದು, ಎಡತೋಳನ್ನು ಮೊಣಕೈಯ ಮೇಲೆ ಕತ್ತರಿಸಬೇಕಾಯಿತು. ಅನುಸೂಚಿಯ ಪ್ರಕಾರ ಇದು ಭಾಗಶಃ ನಷ್ಟ. ಆದರೆ ಒಂದೇ ಕೈಯಿಂದ ಬಡಗಿತನ ನಡೆಯದು. ಅಪಘಾತದ ಹೊತ್ತಿಗೆ ಯಾವ ಕೆಲಸವನ್ನು ಮಾಡಬಲ್ಲವನಾಗಿದ್ದನೋ ಅದಕ್ಕೆ ಅವನು ಪೂರ್ತಿ ಅನರ್ಹನಾದನು. ಆದುದರಿಂದ ನಷ್ಟ ನೂರಕ್ಕೆ ನೂರು ಎಂದು ನ್ಯಾಯಾಲಯ ಎಣಿಸಿತು. ಉಳಿಯ ಮೇಲೆ ಕೊಡತಿ ಬೀಳಬೇಕಾದರೆ ಉಳಿಯನ್ನು ಹಿಡಿಯಲು ಇನ್ನೊಂದು ಕೈ ಬೇಕು. ಇಷ್ಟು ಸರಳವಾದ ಮಾತಿಗೆ ಐವತ್ತು ವರ್ಷ ಹಿಡಿಯಿತು.

ಹಣದ ಅಂಕೆಗಳ ಮುಂದಿನ ಕಥೆಯನ್ನು ಬೇಗನೆ ಹೇಳಿ ಮುಗಿಸುತ್ತೇವೆ. 1933ರಲ್ಲಿ ವೇತನದ ತರಗತಿಗಳನ್ನು ಮಾಡಿದಾಗ ತೀರ ಕೆಳಗಿನವರಿಗೆ ನಿಜವಾದ ಲಾಭವಾಯಿತು: 10 ರೂಪಾಯಿಯವನ ಪೂರ್ಣ ಅಶಕ್ತತೆಯ ಪರಿಹಾರ 420ರಿಂದ 700ಕ್ಕೆ ಏರಿತು. ಆ ತರಗತಿಯ ಸಾವಿನ ಪರಿಹಾರ 500 ಆದುದರಿಂದ 1.4ರ ಪ್ರಮಾಣವೂ ಹಾಗೆಯೇ ಉಳಿಯಿತು. 1984ರಲ್ಲಿ ವಯಸ್ಸಿಗೆ ತಕ್ಕ ಗುಣಕಗಳು ಬಂದುವು. ಸಾವಿಗೆ ವೇತನದ ನೂರಕ್ಕೆ 40, ಪೂರ್ಣ ಅಶಕ್ತತೆಗೆ 50. ಪ್ರಮಾಣ 1.25ಕ್ಕೆ ಇಳಿಯಿತು. 1995ರಲ್ಲಿ ಅವು 50 ಮತ್ತು 60 ಆದುವು, ಪ್ರಮಾಣ 1.2. ಅದೇ ವರ್ಷ, ಕೆಲಸಗಾರನ ಅವಿಧೇಯತೆಯನ್ನು ಮುಂದಿಟ್ಟು ಪರಿಹಾರವನ್ನು ತಪ್ಪಿಸುವ ಹಾದಿಯನ್ನು ಪೂರ್ಣ ಅಶಕ್ತತೆಯ ಸಂದರ್ಭದಲ್ಲಿಯೂ ಮುಚ್ಚಿದುದನ್ನು ಮೆಚ್ಚಿ ಹೇಳಬೇಕು. ಕನಿಷ್ಠ ಮೊತ್ತಗಳನ್ನು 2009ರ ತಿದ್ದುಪಡಿ 1,20,000 ಮತ್ತು 1,40,000ಕ್ಕೆ ಏರಿಸಿತು. ಅಲ್ಲಿ ಪ್ರಮಾಣ 1.17ಕ್ಕೂ ಕಡಿಮೆ. ಮೊತ್ತಗಳು ಪ್ರತಿಸಲವೂ ಏರಿದುದನ್ನು ಎಲ್ಲರೂ ನೋಡಿದರು. ಸತ್ತವನಿಗೂ ಅಶಕ್ತನಿಗೂ ನಡುವಣ ಅಂತರ ಕಿರಿದಾಗುತ್ತ ಬಂದುದು ಯಾರ ಕಣ್ಣಿಗೂ ಬಿದ್ದಂತೆ ತೋರುವುದಿಲ್ಲ. 1923ರ ಶಾಸನಕರ್ತರು ನೆನಪಿಟ್ಟಿದ್ದ ಉಣ್ಣುವ ಬಾಯಿಯನ್ನು ಅನಂತರದವರು ಅರ್ಧ ಮರೆತರೆಂದು ನಾವು ಹೇಳಬೇಕಾಗಿದೆ.

ಲೆಕ್ಕಕ್ಕೆ ಹಿಡಿಯಬಹುದಾದ ವೇತನದ ಮಿತಿಯೂ ಇಂಥದೇ ಕಥೆ. 2010ರಲ್ಲಿ ಅದು ತಿಂಗಳಿಗೆ 8,000 ಆಯಿತು. 2020ರ ಜನವರಿಯವರೆಗೆ ಅಲ್ಲಿಯೇ ನಿಂತು ಆಮೇಲೆ 15,000 ಆಯಿತು. ಆ ದರದಲ್ಲಿ 40 ವರ್ಷದವನ ಗುಣಕ 184.17; ಪೂರ್ಣ ಅಶಕ್ತತೆಗೆ 16,57,530 ರೂಪಾಯಿ, ಒಂದು ಹಸ್ತಕ್ಕೆ 9,94,518, ಸಾವಿಗೆ 13,81,275. 2025ರ ನವೆಂಬರ್ 21ರಂದು 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು 1923ರ ಕಾಯಿದೆಯ ಆಯುಸ್ಸು ಮುಗಿಯಿತು. ಗುಣಕ, ಅನುಸೂಚಿಗಳ ಚೌಕಟ್ಟು ಮಾತ್ರ ಹೊಸ ಸಂಹಿತೆಯೊಳಗೆ ಮುಂದುವರಿದಿದೆ.

ಈ ಶತಮಾನದ ಚರಿತ್ರೆಯಲ್ಲಿ ಪಾಣೆಮಂಗಳೂರಿನ ಸುತ್ತಣ ದುಡಿಮೆಗಾರರು ಎಲ್ಲಿ ನಿಂತರು? ಕಾಯಿದೆಯ ಗಡಿ ಬಹುಮಟ್ಟಿಗೆ ಕಾರಖಾನೆಯ ಗೇಟಿನಲ್ಲಿಯೇ ಇತ್ತು. ಒತ್ತುಯಂತ್ರದ ಮುಂದೆ ನಿಂತವನು ಒಳಗೆ. ಅದೇ ಯಂತ್ರಕ್ಕೆ ಮಣ್ಣು ಒದಗಿಸಲು ಹೊಳೆಯ ದಂಡೆಯನ್ನು ಅಗೆದವನು, ಜಲ್ಲೆ ಊರಿ ದೋಣಿ ನಡೆಸಿದವನು ಆ ಗೇಟಿನ ಹೊರಗೆ. 1923ರ ಅನುಸೂಚಿಗೆ ಒಳನಾಡಿನ ದೋಣಿ ಸೇರಬೇಕಾದರೆ ಅದು ಯಂತ್ರದಿಂದ ನಡೆಯುವಂಥದಾಗಿರಬೇಕಿತ್ತು. ತೋಟದ ಸಂಗತಿ ಇನ್ನೂ ಮಾರ್ಮಿಕವಾದುದು. ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯಲ್ಲಿ ಬದುಕೆಂದರೆ ಅಡಕೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು, ಕೊಯ್ಲಿನಲ್ಲಿ ಗೊನೆ ಇಳಿಸಲು ಜಾರುವ ಮರವನ್ನೇರಿ, ಮರದಿಂದ ಮರಕ್ಕೆ ಬಾಗಿ ದಾಟುವ ಕೆಲಸದಲ್ಲಿ ಬಿದ್ದವನಿಗೆ ಬೆರಳು ಹೋಗುವುದಿಲ್ಲ, ಬೆನ್ನುಹುರಿ ಹೋಗುತ್ತದೆ. ಆದರೆ 1923ರ ಕಾಯಿದೆಯ ಎರಡನೆಯ ಅನುಸೂಚಿಗೆ ಮುಂದೆ ಸೇರಿದ ತೋಟಗಳ ಪಟ್ಟಿಯಲ್ಲಿ ಏಲಕ್ಕಿ, ಸಿಂಕೋನಾ, ಕಾಫಿ, ರಬ್ಬರು, ಚಹಾಗಳ ಹೆಸರಿದೆ, ಅಡಕೆಯ ಹೆಸರಿಲ್ಲ. ತಾಳೆ ಜಾತಿಯ ಮರಗಳಿಂದ ಕಳ್ಳಿಳಿಸುವವನ ಹೆಸರಿದೆ, ಕೊನೆಗಾರನ ಹೆಸರಿಲ್ಲ. ಪಟ್ಟಿ ಬರೆದವರ ಕಣ್ಣು ಸಾಹೇಬರ ಎಸ್ಟೇಟುಗಳ ಮೇಲೆ ಇತ್ತು, ಅಬಕಾರಿಯ ಆದಾಯದ ಮೇಲೆಯೂ ಇತ್ತು. ನಾಲ್ಕೆಕ್ರೆ ಬಾಗಾಯಿತಿನ ಮೇಲೆ ಬೀಳಲಿಲ್ಲವೆಂದು ನಾವು ಊಹಿಸಿದರೆ ತಪ್ಪಾಗಲಾರದು. ಚಿಕ್ಕ ತೋಟದ ಒಡೆಯನೇ ಹಲವೊಮ್ಮೆ ತಾನು ಮರವೇರುವವನು. ಅವನಿಗೆ ಪರಿಹಾರ ಕೊಡಬೇಕಾದ ಯಜಮಾನನೇ ಇಲ್ಲ. ಮನೆಯಂಗಳದಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರಿಗೆ 1966ರ ಕಾಯಿದೆಯೂ 1976ರ ಕಲ್ಯಾಣನಿಧಿಯೂ ಬಂದುವು. ಆದರೆ ಅಪಘಾತವನ್ನು ಅಳೆಯುವ ಅನುಸೂಚಿಗೆ ಬೆನ್ನು, ಕಣ್ಣು, ಶ್ವಾಸಗಳು ಸಾವಕಾಶವಾಗಿ ಸವೆಯುವುದು ಕಾಣುವಂಥದಲ್ಲ.

ಕೊನೆಗೆ ಕರದ ಪ್ರಶ್ನೆ. 1922ರ ಆದಾಯಕರ ಕಾಯಿದೆಯ 4ನೆಯ ಕಲಮು ತೆರಿಗೆಗೆ ಒಳಪಡದವುಗಳನ್ನು ಎಣಿಸುವಾಗ, ಸಾವು ಅಥವಾ ಗಾಯಗಳಿಗಾಗಿ ಒಟ್ಟಾಗಿ ದೊರೆತ ಪರಿಹಾರದ ಮೊತ್ತವನ್ನೂ ಸೇರಿಸಿತು. ಹಿಂದೆ ಮುಂದಣ ಎರಡೇ ವರ್ಷಗಳಲ್ಲಿ ಒಂದು ಕಾಯಿದೆ ಪರಿಹಾರವನ್ನು ಕೊಡಿಸಿತು, ಇನ್ನೊಂದು ಅದಕ್ಕೆ ವಿನಾಯಿತಿಯನ್ನು ಕಾದಿರಿಸಿತು. ಆದರೆ ಆ ವಿನಾಯಿತಿ ಯಾರಿಗೆ? ಆಗ ವರ್ಷಕ್ಕೆ 2,000 ರೂಪಾಯಿಗಿಂತ ಕಡಿಮೆ ವರಮಾನದವನಿಗೆ ಆದಾಯಕರವೇ ಇರಲಿಲ್ಲ. ತಿಂಗಳಿಗೆ 15 ರೂಪಾಯಿಯವನ ವರಮಾನ ವರ್ಷಕ್ಕೆ 180. ಕೈಕೆಲಸದವರಲ್ಲದ ನೌಕರರಿಗೆ 1923ರ ಕಾಯಿದೆ ಸಲ್ಲುತ್ತಿದ್ದುದು ತಿಂಗಳ ವೇತನ 300ರವರೆಗೆ. ಎಂದ ಮೇಲೆ ಎರಡು ಕಾಯಿದೆಗಳೂ ಒಟ್ಟಿಗೆ ಸಂಧಿಸುವವನು ತಿಂಗಳಿಗೆ 167ರಿಂದ 300 ರೂಪಾಯಿಯ ನಡುವಣ ಮನುಷ್ಯ: ಮೇಸ್ತ್ರಿಯಲ್ಲ, ಹಂಚು ಒತ್ತುವವನಂತೂ ಅಲ್ಲ. 1961ರ ಆದಾಯಕರ ಕಾಯಿದೆಯಲ್ಲಿ ಆ ಮಾತು ಅದೇ ರೂಪದಲ್ಲಿ ಮುಂದುವರಿಯದಿದ್ದರೂ ತತ್ತ್ವ ಉಳಿಯಿತು. ಕಳೆದುಹೋದ ಅಂಗದ ಬದಲಿಗೆ ಬಂದ ಇಡಿಗಂಟು ಗಳಿಕೆಯಲ್ಲ. ಅದು ಗಳಿಸುವ ಸಾಧನವೇ ಹೋದುದಕ್ಕೆ ಪ್ರತಿಯಾದ ಬಂಡವಾಳ. ತೋಟ ಮುಳುಗಡೆಯಾದಾಗ ಬಂದ ಹಣ ಫಸಲಲ್ಲ ಎಂಬಂತೆಯೇ ಇದು.

ಇಲ್ಲಿ ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ವಿಪರ್ಯಾಸ ಕಾಣುತ್ತದೆ. ಬಾಳ್ಗಳ್ಚು ಪಡೆದವನಿಗೆ ಫಸಲಿನ ಮೇಲೆ ಕರವಿರಲಿಲ್ಲ, ವರ್ಷ ವರ್ಷವೂ ಇರಲಿಲ್ಲ, ವಿನಾಯಿತಿಯೇ ದತ್ತಿಯಾಗಿತ್ತು. ಇಂದಿನ ಪರಿಹಾರ ಪಡೆದವನಿಗೆ ಗಂಟಿನ ಮೇಲೆ ಕರವಿಲ್ಲ. ಅದನ್ನು ಬ್ಯಾಂಕಿನಲ್ಲಿಟ್ಟ ಮರುದಿನದಿಂದ ಹುಟ್ಟುವ ಬಡ್ಡಿ ವರಮಾನವೆಂದೇ ಎಣಿಕೆ. ಪರಿಹಾರ ಕೈಸೇರುವುದು ತಡವಾದುದಕ್ಕೆ ಸಲ್ಲುವ ಬಡ್ಡಿಯ ವಿಷಯದಲ್ಲಿ ತಕರಾರು ಹೆಚ್ಚು. ಮೋಟಾರು ಅಪಘಾತದ ಪ್ರಕರಣದಲ್ಲಿ ತೀರ್ಪಿನವರೆಗಿನ ಬಡ್ಡಿ ಪರಿಹಾರದ ಭಾಗವೇ ಹೊರತು ತೆರಿಗೆಗೆ ಒಳಪಡುವ ವರಮಾನವಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯ 2019ರಲ್ಲಿ ಹೇಳಿತು. ಅಂಥ ಬಡ್ಡಿಗೆ ವಿನಾಯಿತಿ ಕೊಡುವ ಪ್ರಸ್ತಾಪ 2026ರ ಕೇಂದ್ರ ಆಯವ್ಯಯದಲ್ಲಿ ಬಂದಿತು.

ಇಡಿಗಂಟಾಗಿ ಬಾರದೆ ತಿಂಗಳು ತಿಂಗಳು ಬರುವ ಹಣದ ಸ್ವರೂಪ ಇನ್ನೂ ಸೂಕ್ಷ್ಮ. 1948ರ ನೌಕರರ ರಾಜ್ಯ ವಿಮಾ ಕಾಯಿದೆಯು ಶಾಶ್ವತ ಅಶಕ್ತತೆಗೆ ಗಂಟನ್ನು ಕೊಡದೆ, ವೈದ್ಯಮಂಡಲಿ ನಿರ್ಣಯಿಸಿದ ಪ್ರಮಾಣದಲ್ಲಿ ಬದುಕಿರುವವರೆಗೂ ಮಾಸಿಕ ಪಾವತಿಯನ್ನು ಏರ್ಪಡಿಸಿತು. ಗಂಟು ಕೈಗೆ ಬಂದರೆ ಮಗಳ ಮದುವೆಗೋ ಹಳೆಯ ಸಾಲಕ್ಕೋ ಕರಗುವುದು ನಮ್ಮ ಮನೆಗಳಲ್ಲಿ ಕಾಣದ ಸಂಗತಿಯಲ್ಲ. ಆ ದೃಷ್ಟಿಯಿಂದ ಮಾಸಿಕ ಕ್ರಮವನ್ನೇ ನಾವು ಮೇಲೆಂದು ಎಣಿಸುತ್ತೇವೆ. ಆದರೆ ಕಾಲಕಾಲಕ್ಕೆ ಬರುವುದೆಲ್ಲ ವರಮಾನದ ಚಹರೆಯನ್ನು ಹೊತ್ತು ಬರುತ್ತದೆ. ಅದಕ್ಕೆ ವಿನಾಯಿತಿ ಬೇಕಾದರೆ ಸರಕಾರ ಬಾಯಿಬಿಟ್ಟು ಹೇಳಬೇಕು. ಸೈನಿಕರ ಅಂಗವಿಕಲ ಪಿಂಚಣಿಗೆ ಅಂಥ ವಿನಾಯಿತಿ ಬಹುಕಾಲದಿಂದ ಇತ್ತು. 2019ರ ಜೂನ್ ತಿಂಗಳ ಸುತ್ತೋಲೆಯೊಂದು ಅದನ್ನು ಊನದ ಕಾರಣದಿಂದಲೇ ಸೇವೆಯಿಂದ ಬಿಡುಗಡೆ ಹೊಂದಿದವರಿಗೆ ಸೀಮಿತಗೊಳಿಸಿತು. ಊನವಾದ ಮೇಲೆಯೂ ಅವಧಿ ತುಂಬುವವರೆಗೆ ದುಡಿದು ನಿವೃತ್ತನಾದವನು ಹೊರಗಾದನು. ಕುಂಟುತ್ತಲೇ ಕೆಲಸ ಮಾಡಿದವನಿಗೆ ಸಂದ ಬಹುಮಾನ ಇದು.

ಅಂಗವಿಕಲರ ವರಮಾನದಲ್ಲಿ ಒಂದು ಪಾಲನ್ನು ಕಳೆದು ತೆರಿಗೆ ಲೆಕ್ಕ ಹಾಕುವ ಕ್ರಮ 1961ರ ಕಾಯಿದೆಯ 80 ಯು ಕಲಮಿನಲ್ಲಿತ್ತು. ನೂರಕ್ಕೆ 40 ಅಥವಾ ಹೆಚ್ಚು ಊನವಿದ್ದವರಿಗೆ 75,000, ನೂರಕ್ಕೆ 80 ಅಥವಾ ಹೆಚ್ಚು ಇದ್ದವರಿಗೆ 1,25,000 ರೂಪಾಯಿ. ಹೊಸ ತೆರಿಗೆ ಕ್ರಮವನ್ನು ಆಯ್ದವರಿಗೆ ಈ ಸೌಲಭ್ಯ ಇರಲಿಲ್ಲ. 2026ರ ಏಪ್ರಿಲ್ 1ರಿಂದ 1961ರ ಕಾಯಿದೆಯ ಸ್ಥಾನಕ್ಕೆ 2025ರ ಆದಾಯಕರ ಕಾಯಿದೆ ಬಂದಿರುವುದರಿಂದ ವಿದ್ಯಾರ್ಥಿಗಳು ಕಲಮಿನ ಸಂಖ್ಯೆಗಳನ್ನು ಹೊಸದರಲ್ಲಿ ಹುಡುಕಿಕೊಳ್ಳಬೇಕು. ಇಲ್ಲಿ ಗಮನಿಸಬೇಕಾದುದು ಶೇಕಡಾ ಎಂಬ ಒಂದೇ ಶಬ್ದ ಎರಡು ಕಚೇರಿಗಳಲ್ಲಿ ಎರಡು ಅರ್ಥ ಪಡೆಯುವುದು. ಪರಿಹಾರದ ಕಾಯಿದೆಯಲ್ಲಿ ಅದು ಗಳಿಕೆಯ ಸಾಮರ್ಥ್ಯದ ನಷ್ಟ. ತೆರಿಗೆಯ ಕಾಯಿದೆಯಲ್ಲಿ ದೇಹದ ಊನ. ಒಂದರ ಪ್ರಮಾಣಪತ್ರ ಇನ್ನೊಂದರಲ್ಲಿ ನಡೆಯದು. ಹಂಚಿನ ಯಂತ್ರದಲ್ಲಿ ಹೆಬ್ಬೆರಳನ್ನು ಮಾತ್ರ ಕಳೆದುಕೊಂಡವನಿಗೆ 1962ರ ಅನುಸೂಚಿಯಲ್ಲಿ ನೂರಕ್ಕೆ 30ರ ಪರಿಹಾರವಿತ್ತು. 40ರ ಗೆರೆಯನ್ನು ಮುಟ್ಟದ ಅವನು ತೆರಿಗೆಯ ಕಾಯಿದೆಯ ಕಣ್ಣಿಗೆ ಅಂಗವಿಕಲನೇ ಅಲ್ಲ.